ತಂತಿ ಮುಟ್ಟುವ ಶಾಸ್ತ್ರ

ಕರೆಂಟಿಗೆ ಹೆದರುವುದನ್ನು ಜನ ಬಿಟ್ಟದ್ದೇ ತಡ, ಹುಬ್ಬಳ್ಳಿಯಲ್ಲಿ ಏನೇನೋ ಶುರುವಾಯಿತು. ಲೈನ್‌ಮನ್‌ಗಳ ದಪ್ಪ ರಬ್ಬರ್ ಗವಸುಗಳು ಖಾರ ಕುಟ್ಟುವ ಹೆಂಗಸರ ಪಾಲಾದವು. ಗೆಳೆಯರಲ್ಲಿ ಜಗಳ ಬಂದರೆ ‘ತಂತಿ ಹಿಡಿದು ಹೇಳು’ ಎಂದು ಆಣೆ ಹಾಕಿಸುವುದು ರೂಢಿಯಾಯಿತು. ಮನೆಯ ದೀಪ ಪಕ್ಕನೆ ಆರಿದರೆ ಯಾರೂ ಬೆಚ್ಚುತ್ತಿರಲಿಲ್ಲ. “ಯಾವನಲೇ ಅಂವಾ ತಂತಿ ಮುಟ್ಟಿದಂವ? ಇಲ್ಲೆ ಧಾರಾವಾಹಿ ನೋಡಾಕತ್ತೀವಿ!” ಎಂದು ಒಳಗಿನಿಂದ ಬೈಗುಳ ಬರುತ್ತಿತ್ತು, ಅಷ್ಟೇ.

ಎಲ್ಲಕ್ಕೂ ಕಾರಣ ಕಾವಲು ಡಬ್ಬಿ. ಗದಗ ರಸ್ತೆಯ ಹೊಸ ಬಡಾವಣೆಗಳಿಗೆ ಬಿಸಿಲಿನ ಕರೆಂಟು ನೇರವಾಗಿ ಬರತೊಡಗಿದಾಗ ಮನೆಮನೆಯ ಗೋಡೆಗೂ ಒಂದೊಂದು ಕೂರಿಸಿದ್ದರು. ಅದರೊಳಗೆ ಉಗುರಿನಗಲದ ಒಂದು ಟ್ರಾನ್ಸಿಸ್ಟರ್. ಅದನ್ನು ಬಾಗಿಲು ಎಂದುಕೊಳ್ಳಿ. ತೆರೆದಿದ್ದರೆ ಮನೆಗೆ ಕರೆಂಟು, ಮುಚ್ಚಿದರೆ ಇಲ್ಲ. ಯಾರಾದರೂ ತಂತಿ ಮುಟ್ಟಿದರೆ ಒಂದಿಷ್ಟು ಕರೆಂಟು ಮೈಯೊಳಗಿಂದ ನೆಲಕ್ಕೆ ಸೋರುತ್ತದಲ್ಲ, ಡಬ್ಬಿಗೆ ಆ ಸೋರಿಕೆ ಗೊತ್ತಾಗಿ, ಕಣ್ಣಿನ ರೆಪ್ಪೆ ಬೀಳುವುದರೊಳಗೆ ಬಾಗಿಲು ಮುಚ್ಚಿಬಿಡುತ್ತಿತ್ತು. ಬೆರಳಿಗೆ ಇರುವೆ ಕಚ್ಚಿದಷ್ಟು ಚುರುಕ್ಕು. ಅಲ್ಲಿಗೆ ಮುಗಿಯಿತು.

ಹೊಸ ನಂಬಿಕೆ ಹುಟ್ಟಿದ ಕಡೆ ಹೊಸ ಶಾಸ್ತ್ರವೂ ಹುಟ್ಟುತ್ತದೆ. ಯಾರು ಶುರು ಮಾಡಿದರೋ, ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಮೊದಲು ಮನೆಯ ಹಿರಿಯ ಹೆಂಗಸು ಬರಿಯ ತಂತಿಯನ್ನು ಬರಿಗೈಯಲ್ಲಿ ಮುಟ್ಟಬೇಕು ಎಂದಾಯಿತು. ಡಬ್ಬಿಯಿಂದ ಒಂದು ತಾಮ್ರದ ತಂತಿ ಇಳಿಬಿಟ್ಟು, ಅದಕ್ಕೆ ಚೆಂಡುಹೂವು ಸುತ್ತುತ್ತಿದ್ದರು. ಹಿರಿಯಾಕೆ ಮುಟ್ಟುತ್ತಲೇ ದೀಪ ಆರಬೇಕು. “ಮನಿ ಕೈ ಗುರ್ತು ಹಿಡೀತವ್ವಾ!” ಎಂದು ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು.

ಮಹಾನಂದಾಳ ಅತ್ತೆ ಕಾಶವ್ವನಿಗೆ ಈ ಶಾಸ್ತ್ರದ ಮೇಲೆ ಜೀವ. ಗಂಡ ತೀರಿಹೋದಂದಿನಿಂದ ಉಡಿ ತುಂಬುವಲ್ಲಿ, ತೊಟ್ಟಿಲು ಕಟ್ಟುವಲ್ಲಿ, ಆರತಿ ಎತ್ತುವಲ್ಲಿ ಆಕೆಯನ್ನು ಹಿಂದೆ ಸರಿಸಿದ್ದರು. ತಂತಿ ಮುಟ್ಟುವುದಕ್ಕೆ ಮಾತ್ರ ಹಳೆಯ ಕಟ್ಟಳೆ ಯಾವುದೂ ಇರಲಿಲ್ಲ. ಹಿರಿಯಾಕೆ ಎಂದರೆ ಹಿರಿಯಾಕೆ. ಕುಂಕುಮವಿರಲಿ, ಬಿಡಲಿ, ಮುಂದೆ ಬಾ ಎನ್ನುತ್ತಿದ್ದರು. ಬಡಾವಣೆಯ ಕೊನೆಯ ಸಾಲಿನಲ್ಲಿ ತಮ್ಮದೇ ಮನೆ ಎದ್ದು ನಿಂತಾಗಿನಿಂದ ಕಾಶವ್ವ ಆ ಒಂದು ಗಳಿಗೆಗೇ ಕಾದಿದ್ದಳು. ಉಡುವ ಇಳಕಲ್ ಸೀರೆಯನ್ನೂ ತೆಗೆದಿಟ್ಟಿದ್ದಳು.

ಮಹಾನಂದಾ ಕೆಲಸ ಮಾಡುತ್ತಿದ್ದದ್ದು ಆ ಡಬ್ಬಿಗಳ ಕಾರ್ಖಾನೆಯಲ್ಲೇ, ಪರೀಕ್ಷೆಯ ಕೋಣೆಯಲ್ಲಿ. ಡಿಪ್ಲೊಮಾ ಮುಗಿಸಿ ಸೇರಿದವಳು, ಈಗ ಆ ಕೋಣೆಗೆ ಹಿರಿಯಳು. ಅತ್ತೆ ಸೊಸೆಗೆ ಮೊದಲ ದಿನದಿಂದಲೂ ಆಗಿಬರುತ್ತಿರಲಿಲ್ಲ. “ಕಾರ್ಖಾನ್ಯಾಗ ಎಲ್ಲಾಕ್ಕೂ ಪಾಸ್ ಹಾಕಾಕಿ, ಮನ್ಯಾಗ ನನಗ ಫೇಲ್ ಮಾಡಾಕತ್ತಾಳ,” ಎಂದು ಕಾಶವ್ವ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ನಡುವೆ ಸಿಕ್ಕ ಗಂಡ ಸೋಮಶೇಖರ ಊಟದ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಒಂದು ಎಲೆಕ್ಟ್ರಾನಿಕ್ ಲೋಡ್ ಇತ್ತು. ಬೇರೆ ಯಂತ್ರಗಳು ಕರೆಂಟು ಕೊಟ್ಟರೆ ಇದು ಬರೀ ಉಣ್ಣುತ್ತದೆ, ಅದೂ ಬರೆದುಕೊಟ್ಟ ಹಾಗೆ. ಬೆಳಗ್ಗೆ ಗೀಸರ್‌ನಷ್ಟು, ಆಮೇಲೆ ಮಿಕ್ಸರ್‌ನಷ್ಟು, ಇಳಿಹೊತ್ತಿನಲ್ಲಿ ಇಸ್ತ್ರಿಪೆಟ್ಟಿಗೆಯಷ್ಟು ಎಂದು ಪ್ರೋಗ್ರಾಮ್ ಹಾಕಿದರೆ, ಇಡೀ ಮನೆಯ ಒಂದು ದಿನವನ್ನು ಮೇಜಿನ ಮೇಲೇ ನಡೆಸಿಬಿಡುತ್ತಿತ್ತು. ಆ ಕರೆಂಟೆಲ್ಲ ಟ್ರಾನ್ಸಿಸ್ಟರ್ ಎಂಬ ಬಾಗಿಲನ್ನು ದಾಟಿಯೇ ಬರಬೇಕು. ಕೋಣೆಯ ಹುಡುಗಿಯರು ಲೋಡಿಗೆ ‘ಅತ್ತಿ’ ಎಂದೂ ಟ್ರಾನ್ಸಿಸ್ಟರಿಗೆ ‘ಸೊಸಿ’ ಎಂದೂ ಹೆಸರಿಟ್ಟಿದ್ದರು. ಅತ್ತಿ ಎಷ್ಟು ಕಾಡಿದರೂ ಸೊಸಿ ಕಾದು ಸಿಡಿಯಬಾರದು. ಕೊನೆಗೆ ‘ಬಾಗಿಲು ಮುಚ್ಚು’ ಎಂದರೆ ತಟ್ಟನೆ ಮುಚ್ಚಬೇಕು. ಬಿಸಿಯಾಗಿದ್ದಾಗಲೂ ಮುಚ್ಚಿದರೆ ಪಾಸು.

ಇದನ್ನು ಮಾಡುವುದಕ್ಕೆ ಮಹಾನಂದಾಳದ್ದೇ ಒಂದು ಕ್ರಮವಿತ್ತು. ಕರೆಂಟು ಕೊಡುವ ಸಪ್ಲೈ ಕಡಿಮೆ ವೋಲ್ಟಿನದು, ಯಾಕೆಂದರೆ ಕಾಯಿಸಲು ಆಂಪಿಯರ್ ಸಾಕು, ಕೊಲ್ಲುವಷ್ಟು ವೋಲ್ಟು ಬೇಕಿಲ್ಲ. ಇಷ್ಟಕ್ಕಿಂತ ಹೆಚ್ಚು ಕರೆಂಟು ಹರಿಯಬಾರದೆಂದು ಸಪ್ಲೈಗೊಂದು ಮಿತಿ, ದಾರಿಯಲ್ಲೊಂದು ಫ್ಯೂಸ್. ಟ್ರಾನ್ಸಿಸ್ಟರಿನ ಬೆನ್ನಿಗೆ ಶಾಖ ಅಳೆಯುವ ತಂತಿ. ಮೇಲೆ ದಪ್ಪ ಪಾರದರ್ಶಕ ಮುಚ್ಚಳ. ಕೈ ಹೊರಗೆ ಬಂದ ಮೇಲೇ ಗುಂಡಿ ಒತ್ತುವುದು. ಕರೆಂಟನ್ನು ಒಮ್ಮೆಲೇ ಏರಿಸದೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು.

ಮುಚ್ಚಳಗಳು ಹಳೆಯವಾಗಿ ಬಿರುಕು ಬಿಟ್ಟಾಗ ಆಕೆ ಹೊಸವನ್ನು ಕೇಳಿದಳು. ಕೇಳುತ್ತಲೇ ಇದ್ದಳು. ಒಂದು ದಿನ ಕಾದು ಸಿಡಿದ ಟ್ರಾನ್ಸಿಸ್ಟರಿನ ಚೂರೊಂದು ಬಿರುಕಿನ ಸಂದಿಯಿಂದ ಹಾರಿ, ಕೋಣೆಯ ಹುಡುಗಿ ಜೈತುನಳ ಹುಬ್ಬಿನ ಮೇಲೆ ನಾಟಿತು. ಕಣ್ಣು ಉಳಿಯಿತು. ಆಗ ಕೋಣೆಗೆ ಬಂದವರು ಮ್ಯಾನೇಜರ್ ವಿರೂಪಾಕ್ಷ ಮೆಣಸಿನಕಾಯಿ. ಅಡ್ಡಹೆಸರಿಗೆ ತಕ್ಕ ಖಾರದ ಮನುಷ್ಯ. ಅವರು ಮುಚ್ಚಳ ತರಿಸಲಿಲ್ಲ, ಪ್ರೋಗ್ರಾಮನ್ನೇ ಬದಲಿಸಿದರು. ಇನ್ನು ಮುಂದೆ ಒಂದು ಟ್ರಾನ್ಸಿಸ್ಟರಿಗೆ ಅರೆಕ್ಷಣದ ಒಂದೇ ಹೊಡೆತದ ಕರೆಂಟು, ಕೂಡಲೇ ಬಂದ್. ಕಾಯಲು ಹೊತ್ತೇ ಇಲ್ಲದ ಮೇಲೆ ಸಿಡಿಯುವುದೆಲ್ಲಿಂದ? ಗೋಡೆಯ ಮೇಲೆ ‘ಸುರಕ್ಷಿತ ಪರೀಕ್ಷೆ’ ಎಂದು ದೊಡ್ಡದಾಗಿ ಬರೆಸಿದರು. ಅಂದಿನಿಂದ ಹಸಿರು ದೀಪದ ಸುರಿಮಳೆ. ಎಲ್ಲವೂ ಪಾಸು.

“ಹೆಣ್ಣ ನೋಡಾಕ ಬಂದವ್ರು ಹೊಸ್ತಲದಾಗ ನಿಂತು ‘ಹುಡುಗಿ ಭಾಳ ಚಲೋ’ ಅಂದು ಹೊಳ್ಳಿ ಹೋದಂಗಾತಲ್ಲಕ್ಕಾ ಇದು,” ಎಂದಳು ಜೈತುನ, ಹುಬ್ಬಿನ ಪಟ್ಟಿಯನ್ನು ಮುಟ್ಟಿಕೊಳ್ಳುತ್ತ.

ಮಹಾನಂದಾ ನಗಲಿಲ್ಲ. ಪರೀಕ್ಷೆ ಮಾಡುವವರಿಗೆ ಸುರಕ್ಷಿತ, ಸರಿ. ಡಬ್ಬಿ ಇಟ್ಟುಕೊಳ್ಳುವವರಿಗೆ?

ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಆಕೆ ಹೊಸ ಲಾಟಿನ ಒಂದು ಟ್ರಾನ್ಸಿಸ್ಟರನ್ನು ಹಳೆಯ ಪ್ರೋಗ್ರಾಮಿಗೆ ಹಚ್ಚಿದಳು. ನೀರಿನ ದಪ್ಪ ಡ್ರಮ್ಮನ್ನು ಕೊಯ್ದು ತಾನೇ ಮುಚ್ಚಳ ಮಾಡಿದ್ದಳು. ಲೋಡ್ ಗೀಸರಿನಷ್ಟು ಉಣ್ಣತೊಡಗಿತು. ಶಾಖದ ಅಂಕಿ ಏರಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಓಡಿತು. ‘ಬಾಗಿಲು ಮುಚ್ಚು’ ಎಂದು ಗುಂಡಿ ಒತ್ತಿದಳು. ಲೋಡ್ ಉಣ್ಣುತ್ತಲೇ ಇತ್ತು. ಮತ್ತೆ ಒತ್ತಿದಳು. ಉಣ್ಣುತ್ತಲೇ ಇತ್ತು. ಸಪ್ಲೈ ಆರಿಸಿ, ತಣಿಸಿ ನೋಡಿದರೂ ಅಷ್ಟೇ. ಬಾಗಿಲು ಕೀಲಿನ ಸಮೇತ ಕರಗಿ, ತೆರೆದೇ ಅಂಟಿಕೊಂಡಿತ್ತು.

ಇನ್ನೊಂದು ಹಚ್ಚಿದಳು. ಅದೂ ಹಾಗೇ. ಬಿಚ್ಚಿ ನೋಡಿದರೆ, ಒಳಗಿನ ಸಿಲಿಕಾನ್ ಚೂರನ್ನು ಲೋಹದ ತಟ್ಟೆಗೆ ಅಂಟಿಸುವ ಬೆಸುಗೆ ರವಾದೋಸೆಯ ಹಾಗೆ ತೂತುತೂತು. ಚೂರಿನ ಶಾಖ ತಟ್ಟೆಗೆ ಇಳಿಯಲು ದಾರಿಯೇ ಇಲ್ಲ.

ಹೀಗೆ ಕೆಟ್ಟ ಡಬ್ಬಿಯ ಮನೆಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಕೈ ತಗಲುವವರೆಗೆ. ಮುನ್ನೂರೈವತ್ತು ವೋಲ್ಟು. ಊರಿಗೆ ಊರೇ ಹೆದರಿಕೆ ಮರೆತು ಕೂತಿದೆ.

ಆಕೆ ಸುಟ್ಟ ಟ್ರಾನ್ಸಿಸ್ಟರುಗಳನ್ನು ತಟ್ಟೆಯಲ್ಲಿಟ್ಟು ಮೆಣಸಿನಕಾಯಿಯವರ ಮೇಜಿಗೆ ಒಯ್ದಳು.

“ಇದೇನು, ನೈವೇದ್ಯನ?” ಎಂದರು ಅವರು.

“ಹೊಸ ಲಾಟ್ ಸರ್. ಕಾದ ಮ್ಯಾಲ ಬಂದ್ ಆಗೂದ ಇಲ್ಲ.”

“ಕಾಯಿಸಿದಂವ ಯಾರು?”

“ನಾನ ಸರ್. ಹಳೇ ಪ್ರೋಗ್ರಾಮ್‌ನಾಗ.”

“ಹಂಗಾರ ನೀನ ಕೊಂದಿ ಅವನ್ನ. ಕೊಂದು ನನ್ನ ಮುಂದ ಅಳಾಕ ಬಂದಿ.”

“ನಾಳಿ ಮನ್ಯಾಗ ಸಾಯೂವು ಇವತ್ತ ಇಲ್ಲೆ ಸತ್ತಾವ್ರಿ ಸರ್. ಇಲ್ಲೆ ಸತ್ರ ಟ್ರಾನ್ಸಿಸ್ಟರ್ ಅಷ್ಟ ಸಾಯ್ತಾವ.”

ಮೆಣಸಿನಕಾಯಿಯವರು ತಟ್ಟೆಯನ್ನು ಬೆರಳಿನಿಂದ ದೂರ ತಳ್ಳಿದರು. ಒಂದನ್ನು ಎತ್ತಿ, ಬೆಸುಗೆಯ ತೂತುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೋಡಿದ್ದನ್ನು ಮಹಾನಂದಾ ನೋಡಿದಳು. ಅವರ ಮುಖದ ಖಾರ ಒಂದು ಕ್ಷಣ ಇಳಿದುಹೋಯಿತು, ಕೂಡಲೇ ಮರಳಿ ಬಂತು.

“ಡಬ್ಬಿ ಊರ ತುಂಬ ಹೋಗಿ ಕುಂತಾವು. ಈಗ ನೀ ಬಾಯಿ ತಗದ್ರ ಈ ಕಾರ್ಖಾನಿಗೆ ಕೀಲಿ. ನಿಮ್ಮ ಮನಿಗೆ ಕೂಡ್ಸಿದ್ದೂ ಇದ ಲಾಟಿಂದು, ಚಂದಂಗ ಪೂಜಾ ಮಾಡ್ಕೋರಿ. ನಿಮ್ಮತ್ತಿ ಖುದ್ದ ಬಂದು ಕರದಾರ ನನ್ನ. ಬರ್ತೀನಿ. ನೀ ಮಾತ್ರ ನಾಳಿಯಿಂದ ಇತ್ತಾಗ ಬರಬ್ಯಾಡ.”

ಹೊರಬಾಗಿಲಲ್ಲಿ ಜೈತುನ ಕಾದಿದ್ದಳು. ಕೈಯಲ್ಲೊಂದು ಭಾರದ ತರಕಾರಿ ಚೀಲ. ಒಳಗೆ ಪರೀಕ್ಷೆಯ ಕೋಣೆಯ ಇನ್ನೊಂದು ಲೋಡ್, ಸಣ್ಣದು.

“ರಿಪೇರಿಗೆ ಹೊಂಟೈತಿ ಅಂತ ಗೇಟಿನ್ಯಾಗ ಬರಸೀನಿ. ಹೊಟ್ಟಿ ಕೆಟ್ಟಿಲ್ಲ ಅದರದು, ಚಲೋನ ಐತಿ,” ಎಂದಳು. “ನಂದ ಹುಬ್ಬ ಹೋತು. ಮಂದೀದು ಜೀವ ಹೋಗೂದ ಬ್ಯಾಡಕ್ಕಾ.”

ಮನೆಯಲ್ಲಿ ಮಾತು ಶುರುವಾಗುವ ಮೊದಲೇ ಕೆಟ್ಟಿತ್ತು. ಮೆಣಸಿನಕಾಯಿಯವರು ಫೋನ್ ಮಾಡಿ, ‘ನಿಮ್ಮ ಸೊಸಿಗೆ ಸ್ವಲ್ಪ ತಲಿ ಬಿಸಿ ಆಗೈತ್ರಿ’ ಎಂದು ಹೇಳಿಯಾಗಿತ್ತು.

“ಅತ್ತೀ, ಹೊಸ ಮನಿ ಡಬ್ಬಿ ಸರಿ ಇಲ್ರಿ. ತಂತಿ ಮುಟ್ಟೂದ ಬ್ಯಾಡ.”

ಕಾಶವ್ವ ಸೀರೆ ಮಡಚುತ್ತಿದ್ದವಳು ನಿಲ್ಲಿಸಲಿಲ್ಲ. “ನನ್ನ ಗಂಡ ಸತ್ತ ದಿನದಿಂದ ‘ಬ್ಯಾಡ’ ಅನ್ನೂದನ್ನ ಕೇಳಾಕತ್ತೀನಿ. ಇದೊಂದಕ್ಕ ಬಾ ಅಂತಾರ. ಅದಕ್ಕೂ ನೀ ಬ್ಯಾಡ ಅಂತೀ.”

“ಅದಕ್ಕಲ್ರಿ...”

“ಸುಡುಗಾಡ ನೌಕರಿ ಕಳಕೊಂಡು ಬಂದು, ನನ್ನ ಮ್ಯಾಲ ಸಿಟ್ಟ ತೀರ್ಸಾಕತ್ತೀ? ಊರಾಗ ಮನಿ ಎಷ್ಟದಾವ, ಯಾರರ ಸತ್ತಾರೇನ?”

“ತಣ್ಣಗಿದ್ದಾಗ ಮುಟ್ಟಿದ್ರ ಏನೂ ಆಗಂಗಿಲ್ರಿ. ಎಲ್ಲಾರೂ ಮುಂಜಾನೆ, ಒಲಿ ಹಚ್ಚೂದಕಿಂತ ಮೊದಲ ಮುಟ್ತಾರ, ಅದಕ ನಡದೈತಿ. ಅಡಗಿ ಶುರು ಆತಂದ್ರ ಡಬ್ಬಿ ಕಾಯ್ತದ. ಕಾದ್ರ ಅದರ ಕಥಿ ಮುಗೀತು. ಮುಟ್ಟಲೇಬೇಕಂದ್ರ ನಸಿಕಿನ್ಯಾಗ ಮುಟ್ಟಿಬಿಡ್ರಿ. ಆಮ್ಯಾಲ ಮೇನ್ ಆರ್ಸಿಬಿಡೂಣು, ಒಲಿಗೆ ಗ್ಯಾಸ್ ತರಸೂಣು.”

ಮಹಾನಂದಾ ತನಗೆ ಸಾಧ್ಯವಾದಷ್ಟು ಬಗ್ಗಿ ಕೊಟ್ಟ ಸಂಧಾನ ಅದು. ಕಾಶವ್ವ ಮೊದಲ ಸಲ ತಲೆ ಎತ್ತಿದಳು.

“ನನಗ ಹೊತ್ತ ಹೇಳಾಕಿ ನೀ ಯಾರ? ಸಾಹೇಬ್ರು ಬಂದು ಕುಂತ ಮ್ಯಾಲೇ ಮುಟ್ತೀನಿ. ಎಲ್ಲಾರೂ ನೋಡ್ಲಿ.”

ಸೋಮಶೇಖರ ತಟ್ಟೆಯಿಂದ ತಲೆ ಎತ್ತದೆ, “ಬಿಡ ಮಾರಾಯ್ತಿ,” ಎಂದ. ಯಾರಿಗೆ ಹೇಳಿದ್ದೋ ಇಬ್ಬರಿಗೂ ತಿಳಿಯಲಿಲ್ಲ.

ಗೃಹಪ್ರವೇಶದ ದಿನ ಮೆಣಸಿನಕಾಯಿಯವರು ಹೊತ್ತಿಗೆ ಬರಲಿಲ್ಲ. ಅಯ್ಯನವರು ಹೋಮ ಮುಗಿಸಿ ಗಡಿಯಾರ ನೋಡಿದರು, ಮತ್ತೆ ನೋಡಿದರು. ಬಂದವರಿಗೆ ಹಸಿವಾಗಿತ್ತು. ಹಿತ್ತಿಲಿನಲ್ಲಿ ಅಡುಗೆಯವರು ತಾವು ತಂದ ದೊಡ್ಡ ಇಂಡಕ್ಷನ್ ಒಲೆಗಳನ್ನೆಲ್ಲ ಒಟ್ಟಿಗೆ ಹಚ್ಚಿದರು. ಒಂದರ ಮೇಲೆ ಅನ್ನ, ಒಂದರ ಮೇಲೆ ಸಾರು, ಉಳಿದವುಗಳಲ್ಲಿ ಕಡಬು ಬೇಯಿಸಲು, ಪೂರಿ ಕರಿಯಲು ಕೊಪ್ಪರಿಗೆ. ಮಹಾನಂದಾ ಓಡಿಹೋಗಿ ಎರಡು ಒಲೆ ಆರಿಸಿದಳು. ಅಡುಗೆಯ ಮುದುಕ “ಯವ್ವಾ, ಎಣ್ಣಿ ತಣ್ಣಗಾದ್ರ ಪೂರಿ ಎಣ್ಣಿ ಕುಡೀತಾವ, ಸರಿ ಅತ್ತಾಗ” ಎಂದು ಬೈದು ಮತ್ತೆ ಹಚ್ಚಿದ. ಆಕೆ ಗೋಡೆಯ ಡಬ್ಬಿಯ ಹತ್ತಿರ ಅಂಗೈ ಹಿಡಿದಳು. ರೊಟ್ಟಿ ಬುಟ್ಟಿಯ ಬಿಸುಪಲ್ಲ, ಹಂಚಿನ ಬಿಸಿ.

ಆಗ ಮೆಣಸಿನಕಾಯಿಯವರು ಬಂದರು. ಅವರಿಗೆ ಜರಿಯಂಚಿನ ಶಾಲು ಹೊದಿಸಿ, ಪೇಟ ಇಟ್ಟು, ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಹೂವು ಸುತ್ತಿದ ತಂತಿಯ ಎದುರಿಗೆ ಕಾಶವ್ವ ಇಳಕಲ್ ಸೀರೆ ಉಟ್ಟು ಬರಿಗಾಲಿನಲ್ಲಿ ನಿಂತಿದ್ದಳು.

“ಒಂದು ನಿಮಿಷ ತಡೀರಿ,” ಎಂದು ಮಹಾನಂದಾ ತರಕಾರಿ ಚೀಲವನ್ನು ಮಣೆಯ ಪಕ್ಕ ಇಟ್ಟಳು. ಜನ ಬಾಯಿ ತೆರೆದು ನೋಡುತ್ತಿದ್ದಂತೆ ಲೋಡನ್ನು ಹೊರತೆಗೆದು, ಒಂದು ಕೊಂಡಿಯನ್ನು ನೆಲದ ಅರ್ಥಿಂಗ್ ಪೈಪಿಗೆ ಸಿಕ್ಕಿಸಿದಳು. ರಬ್ಬರ್ ಹಿಡಿಯ ಇನ್ನೊಂದು ಕೊಂಡಿ ಕೈಯಲ್ಲಿತ್ತು.

“ಇದು ಎಷ್ಟಂದ್ರ ಅಷ್ಟ ಉಣ್ತದ. ಈಗ ಇದಕ್ಕ ಮನಷ್ಯಾರ ಕೈ ಆಗು ಅಂತ ಹೇಳೀನಿ. ನಮ್ಮತ್ತಿ ಮುಟ್ಟಿದ್ರ ಎಷ್ಟ ಕರೆಂಟ ಸೋರತದೋ ಅಷ್ಟ ಇದೂ ಎಳೀತದ. ಡಬ್ಬಿ ಸರಿ ಇದ್ರ ದೀಪ ಆರ್ತದ. ನೋಡ್ರಿ.”

“ಪೂಜಿ ಅನ್ನೂದು ಖಬರ್ ಐತೇನ ನಿನಗ?” ಎಂದು ಕಾಶವ್ವ ಹಲ್ಲು ಕಡಿದಳು. ಅಷ್ಟರಲ್ಲಿ ಕೊಂಡಿ ತಂತಿಯನ್ನು ಕಚ್ಚಿಯಾಗಿತ್ತು.

ಎಲ್ಲರೂ ಮೇಲೆ ನೋಡಿದರು. ದೀಪ ಉರಿಯುತ್ತಿತ್ತು. ಲೋಡಿನ ಪರದೆಯ ಮೇಲೆ ಅಂಕಿ ಅಲುಗಾಡದೆ ನಿಂತಿತ್ತು. ಹಿತ್ತಿಲಿನಲ್ಲಿ ಎಣ್ಣೆ ಚೊಂಯ್ ಎನ್ನುತ್ತಲೇ ಇತ್ತು.

“ಆರ್ಲಿಲ್ಲಲ್ಲ,” ಎಂದರು ಅಯ್ಯನವರು ಮೆಲ್ಲಗೆ.

ಮೆಣಸಿನಕಾಯಿಯವರು ನಕ್ಕರು. “ಅಯ್ಯನವರ, ಯಂತ್ರ ಮುಟ್ಟಿದ್ರ ಡಬ್ಬಿಗೆ ಹೆಂಗ ಗೊತ್ತಾಕ್ಕೈತ್ರಿ? ಅದಕ್ಕ ಜೀವ ಇರೋ ಕೈ ಬೇಕು. ಕೆಲಸದಿಂದ ತಗದೀನಿ ಅಂತ ಸಿಟ್ಟ ಆಕಿಗೆ.”

“ಖರೆ ಐತ್ರಿ, ಜೀವ ಇರೋ ಕೈ ಬೇಕು,” ಎಂದಳು ಮಹಾನಂದಾ, ಕೊಂಡಿ ತೆಗೆಯುತ್ತ. “ನಿಮ್ಮ ಕೈಗೆ ಜೀವ ಐತಿ. ನೀವ ಮುಟ್ರಿ ಸರ್.”

ಮೆಣಸಿನಕಾಯಿಯವರು ಶಾಲನ್ನು ಭುಜದ ಮೇಲೆ ಸರಿಪಡಿಸಿಕೊಂಡರು. ಎರಡೂ ಕೈ ಶಾಲಿನೊಳಗೆ ಹೋದವು.

“ಅದು ಮನಿ ಹಿರೇಮನಷ್ಯಾಳ ಹಕ್ಕು. ನಾ ಹೆಂಗ ಮುಟ್ಟಲಿ?”

“ಹೌದು, ನನ್ನ ಹಕ್ಕು!” ಕಾಶವ್ವನ ದನಿ ಚಪ್ಪರಕ್ಕೆ ಬಡಿಯಿತು. “ನನ್ನ ಮನಿಗೆ ಬಂದ ದೊಡ್ಡ ಮನಷ್ಯಾನ ಮರ್ಯಾದಿ ತಗೀತಿಯೇನ? ನೋಡ, ಈಗ ಮುಟ್ತೀನಿ. ನಿನ್ನ ಕಣ್ಣ ಮುಂದ ಮುಟ್ತೀನಿ. ಬಿರಿಯಬೇಕ ನಿನ್ನ ಹೊಟ್ಟಿ.”

ಮಹಾನಂದಾ ಮೇನ್ ಸ್ವಿಚ್ಚಿನ ಕಡೆಗೆ ಹಾರಿದಳು. ಸೋಮಶೇಖರ ಆಕೆಯ ರಟ್ಟೆ ಹಿಡಿದ. ಎಂದೂ ಯಾವುದಕ್ಕೂ ಎದ್ದು ನಿಲ್ಲದವನು ಈಗ ಎದ್ದು ನಿಂತಿದ್ದ. “ಸಾಕ ಮಾಡ. ಮಂದಿ ನೋಡಾಕತ್ತಾರ.”

“ಬಿಡ್ರಿ! ಆಕಿ ಸಾಯ್ತಾಳ್ರೀ, ಬಿಡ್ರಿ ನನ್ನ!”

ಆತ ಬಿಡಲಿಲ್ಲ. ಬರಿಗಾಲಿನ ಕಾಶವ್ವ, ಆರತಿ ನೀರು ಚೆಲ್ಲಿದ ನೆಲದ ಮೇಲೆ, ಸೊಸೆಯನ್ನೇ ದುರುಗುಟ್ಟಿ ನೋಡುತ್ತ ಕೈ ಚಾಚಿದಳು. ಚೆಂಡುಹೂವಿಗೂ ಬೆರಳಿಗೂ ಗೇಣಿನ ಅಂತರ. ಆಮೇಲೆ ಅದೂ ಇಲ್ಲ.

“ಮುಟ್ಟಬ್ಯಾಡ್ರೀ! ಸಾಯ್ತೀರೀ!”

ಒದರಿದ್ದು ಮಹಾನಂದಾ ಅಲ್ಲ. ಕುರ್ಚಿ ಹಿಂದಕ್ಕೆ ಉರುಳಿತ್ತು, ಪೇಟ ಬಿದ್ದಿತ್ತು, ಮೆಣಸಿನಕಾಯಿಯವರು ಎರಡೂ ಕೈ ಮುಂದೆ ಮಾಡಿ ನಿಂತಿದ್ದರು.

ಕಾಶವ್ವನ ಬೆರಳು ಗಾಳಿಯಲ್ಲೇ ನಿಂತಿತು. ಮೆಲ್ಲಗೆ, ಹಾವಿನ ಹೆಡೆಯ ಎದುರಿನಿಂದ ತೆಗೆಯುವಂತೆ, ಕೈ ಹಿಂದೆ ತೆಗೆದಳು.

“ಏನಂದ್ರಿ ಸಾಹೇಬ್ರ?”

“ಅಲ್ಲ... ನಿಮ್ಮ ಕೈ ಒದ್ದಿ ಅದಾವೇನೋ ಅಂತ...”

ಕಾಶವ್ವ ಎರಡೂ ಅಂಗೈ ತಿರುಗಿಸಿ ತೋರಿಸಿದಳು. ಒಣಗಿದ್ದವು. “ನಿಮಗ ಗೊತ್ತಿತ್ತು.”

ಮೆಣಸಿನಕಾಯಿಯವರು ಬಿದ್ದ ಪೇಟ ಎತ್ತಿಕೊಳ್ಳಲು ಬಗ್ಗಿದರು.

“ನನಗ ಬಾ ಅಂತ ಕರದಿದ್ದ ಶಾಸ್ತ್ರ ಇದೊಂದ ಇತ್ತು,” ಎಂದಳು ಕಾಶವ್ವ. ಅದನ್ನು ಆಕೆ ಯಾರಿಗೂ ಹೇಳಿದ್ದಲ್ಲ. ಆಮೇಲೆ ಮಗನ ಕಡೆ ತಿರುಗಿದಳು. “ಬಿಡ ಆಕಿ ಕೈ, ಹೇಡಿ.” ಸೊಸೆಯ ಕಡೆ ಮುಖ ತಿರುಗಿಸದೆಯೇ, “ನೀನೂ ನಿಂತ ನೋಡಾಕತ್ತೀಯಲ್ಲ. ಮೇನ್ ಆರ್ಸು,” ಎಂದಳು.

ಮಹಾನಂದಾ ಆರಿಸಿದಳು. ದೀಪ ಹೋಯಿತು, ಒಲೆಗಳು ಸತ್ತವು, ಅಡುಗೆಯ ಮುದುಕ ಹಿತ್ತಿಲಿನಿಂದ ಯಾರದೋ ವಂಶವನ್ನೆಲ್ಲ ಬೈಯತೊಡಗಿದ.

“ಇಂಥಾ ಡಬ್ಬಿ ಇನ್ನೆಷ್ಟ ಮನ್ಯಾಗ ಅದಾವ?” ಎಂದು ಕೇಳಿದಳು ಕಾಶವ್ವ, ಈ ಸಲ ಸೊಸೆಯನ್ನೇ ನೋಡಿ. ಆ ನೋಟದಲ್ಲಿ ಪ್ರೀತಿ ಎಳ್ಳಷ್ಟೂ ಇರಲಿಲ್ಲ.

“ಈ ಬಡಾವಣೆಗೆಲ್ಲ ಇದ ಲಾಟ್ ಅತ್ತೀ.”

ಕಾಶವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೆಣಸಿನಕಾಯಿಯವರ ಕೊರಳ ಸುತ್ತ ತಾನೇ ಹೊದಿಸಿದ್ದ ಶಾಲಿನ ಎರಡೂ ತುದಿಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು, ಸಂತೆಯ ಎತ್ತನ್ನು ಎಳೆದಂತೆ ಚಪ್ಪರದಿಂದ ಬೀದಿಗೆ ಎಳೆದಳು. ಜನ ದಾರಿ ಬಿಟ್ಟರು. ಎದುರಿನ ಜಗುಲಿಯಲ್ಲಿ ಹೆಂಗಸೊಬ್ಬಳು ಕರೆಂಟಿನ ತಂತಿಯ ಮೇಲೇ ಒದ್ದೆ ಅಂಗಿಗಳನ್ನು ಹರಡಲು ಬುಟ್ಟಿ ಹಿಡಿದು ನಿಂತಿದ್ದಳು.

“ಈಗ ಒದರಿದ್ರಲ್ಲ, ಹಂಗ ಒದರ್ರಿ,” ಎಂದಳು ಕಾಶವ್ವ. “ಆ ಕಡೀ ಮನೀ ತನಕಾ ಕೇಳ್ಬೇಕು.”

“ಮುಟ್ಟಬ್ಯಾಡ್ರಿ,” ಎಂದರು ಮೆಣಸಿನಕಾಯಿಯವರು.

ಶಾಲು ಇನ್ನೊಂದು ಸುತ್ತು ಬಿಗಿಯಾಯಿತು.

“ಕೇಳಲಿಲ್ಲ. ಇನ್ನೊಮ್ಮೆ.”